ದಕ್ಷಿಣದ ಬಾಗಿಲು, ಪಶ್ಚಿಮದ ಗೋಡೆ

ನಮಸ್ಕಾರ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ; ಅದರ ತಲೆಬಾಗಿಲು ದಕ್ಷಿಣಕ್ಕಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಬಿಟ್ಟುಕೊಟ್ಟು ಬಂದ ನಮ್ಮ ತಂದೆಯವರು ಪಾಲಿಗೆ ಬಂದ ನಿವೇಶನದಲ್ಲಿ ಮನೆ ಕಟ್ಟಿದರು, ದಿಕ್ಕು ಆರಿಸಿಕೊಳ್ಳುವ ಅನುಕೂಲ ಅವರಿಗಿರಲಿಲ್ಲ. ಅಂದಿನಿಂದ ಮನೆಗೆ ಬಂದ ಬೀಗರೆಲ್ಲ ಕೇಳುವುದು ಒಂದೇ ಮಾತು: "ಏನ್ರೀ, ಯಮನ ದಿಕ್ಕಿಗೆ ಬಾಗಲಾ ಇಟ್ಟೀರಲ್ರಿ?" ಕಳೆದ ವರ್ಷ ಫೆಂಗ್ ಶುಯಿ ಎಂಬ ಚೀನೀ ವಾಸ್ತುವಿದ್ಯೆ ಬಲ್ಲವರೆಂದು ಹೇಳಿಕೊಂಡ ಸಲಹೆಗಾರರೊಬ್ಬರು ಬಂದು, ದಕ್ಷಿಣದ ದೋಷ ಪರಿಹಾರಕ್ಕೆಂದು ಬಾಗಿಲಿಗೆ ಗಾಳಿಗಂಟೆ ಕಟ್ಟಿಸಿ, ಒಳಗೆ ನಗುವ ಬುದ್ಧನನ್ನು ಇಡಿಸಿ, ದಕ್ಷಿಣೆ ಪಡೆದು ಹೋದರು. ಆಮೇಲೆ ಆ ವಿದ್ಯೆಯ ಬಗ್ಗೆ ನಾನೇ ಓದಿ ನೋಡಿದಾಗ ನಗು ತಡೆಯಲಾಗಲಿಲ್ಲ, ಏಕೆಂದರೆ ಫೆಂಗ್ ಶುಯಿಯ ಹಳೆಯ ಪದ್ಧತಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮನೆಯೇ ಉತ್ತಮ.

ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. 'ಚೀ' ಎಂಬ ಪ್ರಾಣಶಕ್ತಿ ಗಾಳಿಗೆ ಸಿಕ್ಕರೆ ಚದುರುತ್ತದೆ, ನೀರು ಅಡ್ಡ ಬಂದರೆ ನಿಲ್ಲುತ್ತದೆ ಎಂಬುದು ಆ ವಿದ್ಯೆಯ ಮೂಲ ನಂಬಿಕೆ. ಚೀ ಇದೆಯೋ ಇಲ್ಲವೋ ಎಂಬ ವಾದ ನನಗೆ ಬೇಡ. ಉತ್ತರ ಚೀನಾದ ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಕೊರೆಯುವ ಗಾಳಿ ಬೀಸುವುದಂತೂ ನಿಜ. ಆದ್ದರಿಂದ ಬೆನ್ನಿಗೆ ಗುಡ್ಡವಿರಲಿ, ಮುಂದೆ ದಕ್ಷಿಣದ ಬಿಸಿಲಿರಲಿ ಎಂದರು. 1420ರಲ್ಲಿ ಮುಗಿದ ಬೀಜಿಂಗಿನ ಅರಮನೆಯೂ ದಕ್ಷಿಣಕ್ಕೇ ಮುಖ ಮಾಡಿದೆ. ಬೆನ್ನಿಗೆ ಗುಡ್ಡವಿಲ್ಲದ್ದರಿಂದ ಕಂದಕ ತೋಡಿದ ಮಣ್ಣನ್ನೇ ಉತ್ತರಕ್ಕೆ ಗುಡ್ಡವಾಗಿ ಒಟ್ಟಿದರು.

ಬೀಜಿಂಗ್ ಸುಮಾರು 40 ಡಿಗ್ರಿ ಅಕ್ಷಾಂಶದಲ್ಲಿದೆ, ನಾವಿರುವುದು 16ರಲ್ಲಿ. ನಮ್ಮಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಅಂದರೆ ಎಲ್ಲರೂ ಹೆದರುವ ದಕ್ಷಿಣದ ಬಾಗಿಲಿಗೆ ಮೇ ತಿಂಗಳ ಉರಿಬಿಸಿಲು ಹೆಚ್ಚು ತಾಗುವುದೇ ಇಲ್ಲ. ಚಳಿಗಾಲದಲ್ಲಿ ಮಾತ್ರ ಎಳೆಬಿಸಿಲು ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತದೆ, ನಮ್ಮ ತಾಯಿ ಅಲ್ಲಿಯೇ ಕುಳಿತು ಶೇಂಗಾ ಸುಲಿಯುತ್ತಾರೆ. ನಮ್ಮ ಮನೆಯ ನಿಜವಾದ ವೈರಿ ಪಶ್ಚಿಮದ ಗೋಡೆ. ಏಪ್ರಿಲ್ ತಿಂಗಳ ಸಂಜೆ ಆರಕ್ಕೆ ಅದರ ಒಳಮೈಗೆ ಅಂಗೈ ಇಟ್ಟರೆ ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ನೆನಪಾಗುತ್ತದೆ. ಹಗಲೆಲ್ಲ ಕುಡಿದ ಕಾವನ್ನು ಆ ಗೋಡೆ ರಾತ್ರಿಯಿಡೀ ಬಿಡುತ್ತದೆ, ಮತ್ತು ನಾವು ವರ್ಷಗಟ್ಟಲೆ ಅದಕ್ಕೇ ತಲೆ ಹಚ್ಚಿ ಮಂಚ ಹಾಕಿಕೊಂಡಿದ್ದೆವು. ನಿದ್ದೆಗೆಟ್ಟ ಮನೆಯಲ್ಲಿ ಬೆಳಗಿನ ಚಹಾದ ಹೊತ್ತಿಗೇ ಜಗಳ ಏಳುತ್ತಿದ್ದುದಕ್ಕೆ ಯಮನನ್ನು ದೂರುವುದು ಅನ್ಯಾಯ.

ಹಳೆಯ ಊರಿನ ಮಾಳಿಗೆ ಮನೆಗೆ ಈ ಸಂಕಟವಿರಲಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆಗೆ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು, ಮಾಳಿಗೆಯ ಬೆಳಕಿಂಡಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಈಗಿನ ಸಿಮೆಂಟ್ ಇಟ್ಟಿಗೆಯ ತೆಳುಗೋಡೆಗೆ ಆ ತಾಳ್ಮೆ ಇಲ್ಲ.

ಫೆಂಗ್ ಶುಯಿ ಹೇಳುವ ಮಾತುಗಳಲ್ಲಿ ಮಂಚದ ತಲೆಗೆ ಗಟ್ಟಿ ಗೋಡೆ ಇರಲಿ, ಮಲಗಿದವರಿಗೆ ಬಾಗಿಲು ಕಾಣಲಿ, ಆದರೆ ಅದಕ್ಕೆ ನೇರವಾಗಿ ಕಾಲು ಚಾಚುವುದು ಬೇಡ ಎಂಬುದನ್ನು ನಾನು ಒಪ್ಪಿಕೊಂಡಿದ್ದೇನೆ. ಮಂಚವನ್ನು ಪೂರ್ವದ ಗೋಡೆಗೆ ಸರಿಸಿದೆವು. ಅಂಗಡಿಯ ಸಾಮಾನುಗಳ ಬಗ್ಗೆ ನನಗೆ ಗೌರವವಿಲ್ಲ: ನಗುವ ಬುದ್ಧ ಗೌತಮ ಬುದ್ಧನೇ ಅಲ್ಲ, ಬುದೈ ಎಂಬ ಚೀನೀ ಸನ್ಯಾಸಿ, ಅದೃಷ್ಟದ ಬಿದಿರು ಬಿದಿರೂ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಎಂಬ ಗಿಡ.

ಪಶ್ಚಿಮದ್ದು ಇನ್ನೊಂದು ತೊಡಕಿದೆ. ಮುಂಗಾರಿನ ಗಾಳಿ ಬರುವುದೂ ಆ ಕಡೆಯಿಂದಲೇ, ಆದ್ದರಿಂದ ಕಿಟಕಿಯನ್ನು ಮುಚ್ಚಿಸಿಬಿಡುವಂತಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಅದನ್ನು ಮುಚ್ಚಿ, ಕತ್ತಲಾದ ಮೇಲೆ ಎದುರಿನ ಬಾಗಿಲಿನ ಜೊತೆಗೇ ತೆರೆಯುತ್ತೇವೆ. ಹೊರಗೆ ಬೇವಿನ ಸಸಿ ಹಚ್ಚಿದ್ದೇವೆ, ಅದಿನ್ನೂ ಕಿಟಕಿ ಮೇಲಿನ ಸಜ್ಜೆಯ ಎತ್ತರಕ್ಕೆ ಬಂದಿಲ್ಲ. ಈ ಬೇಸಿಗೆಗೆ ಲಾವಂಚದ ಪರದೆಯನ್ನೇ ಇಳಿಬಿಟ್ಟು, ತಾಸಿಗೊಮ್ಮೆ ನೀರು ಚಿಮುಕಿಸಬೇಕು.