ಬೊಂಡಾಸ್ ಮತ್ತು ಶೇಂಗಾ ಹೊಲ

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದಲ್ಲಿ ನಿಂತು ಕಡಲಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಕರೆದವರೇ ಒಂದು ಗಳಿಗೆ ಸುಮ್ಮನಾದರು. ಮಳೆಗೆ ಬಾಯಿ ಬಿಟ್ಟು ಕೂರುವ ಜಿಲ್ಲೆ, ಇಲ್ಲಿಗೆ ಕಡಲು ಎಲ್ಲಿಂದ ಬಂತು ಅಲ್ವಾ? ಆದರೆ ಐಮಂಗಲದ ಹತ್ತಿರ ಮರಡಿಹಳ್ಳಿಗೆ ಹೋಗಿ ನೋಡಿ. ಅಲ್ಲಿನ ಬಂಡೆಗಳು ದಿಂಬು ಪೇರಿಸಿಟ್ಟ ಹಾಗಿವೆ. ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣ್ಣಗಾದರೆ ಆ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದೆ ಅದು ಕಡಲ ತಳ. ಹಾಗಾಗಿ ನಾನು ತಪ್ಪು ಊರಿಗೆ ಬಂದಿಲ್ಲ, ಸ್ವಲ್ಪ ತಡವಾಗಿ ಬಂದಿದ್ದೇನೆ ಅಷ್ಟೆ.

ಇವತ್ತಿನ ವಿಷಯ ಸ್ಕ್ವಿಡ್ ಅನ್ನುವ ಮೆತ್ತನೆ ಮೈಯ ಕಡಲ ಪ್ರಾಣಿ. ಮಲ್ಪೆ, ಮಂಗಳೂರು ಕಡೆ ಇದನ್ನು ಬೊಂಡಾಸ್ ಅನ್ನುತ್ತಾರೆ. ಈ ಡಬ್ಬಿಯಲ್ಲಿ ಅದರ ಒಂದು ಭಾಗ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಹಕ್ಕಿಯ ಗರಿಯ ಆಕಾರ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಪ್ಲಾಸ್ಟಿಕ್ ಅಲ್ಲ. ಇದರ ಪೂರ್ವಜರಿಗೆ ಮೈಮೇಲೆ ಚಿಪ್ಪಿತ್ತು. ಅದು ತೆಳುವಾಗಿ ಒಳಗೆ ಸೇರಿಕೊಂಡು ಇಷ್ಟು ಉಳಿದಿದೆ. ಶಂಖದ ಹುಳು, ಬಸವನಹುಳುಗಳ ದಾಯಾದಿ ಇದು, ಮೀನಲ್ಲ. ಸ್ವಚ್ಛ ಮಾಡುವವರು ಈ ಗರಿಯನ್ನು ಒಂದೇ ಎಳೆತಕ್ಕೆ ತೆಗೆದು ಬಿಸಾಡುತ್ತಾರೆ.

ತಲೆಯೊಳಗೆ ಸಾಸಿವೆ ಕಾಳಿನಷ್ಟು ಪುಟ್ಟ ಎರಡು ಸುಣ್ಣದ ಹರಳುಗಳಿವೆ. ಒಂದನ್ನು ಉಜ್ಜಿ ತೆಳುವಾಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮರದ ಕಾಂಡದಲ್ಲಿ ಇರುವಂತೆ ಉಂಗುರಗಳು. ಮರಕ್ಕೆ ವರ್ಷಕ್ಕೊಂದು, ಇದಕ್ಕೆ ದಿನಕ್ಕೊಂದು. ಕೂತು ಎಣಿಸಿದಾಗ ಗೊತ್ತಾಗಿದ್ದು ಇಷ್ಟು: ಬಹಳಷ್ಟು ಜಾತಿಗಳ ಆಯಸ್ಸು ಸುಮಾರು ಒಂದು ವರ್ಷ. ಬೆಳೆಯುತ್ತವೆ, ಮೊಟ್ಟೆ ಇಡುತ್ತವೆ, ಸಾಯುತ್ತವೆ.

ಇವತ್ತಿನ ಮಾತೆಲ್ಲ ನಿಂತಿರುವುದು ಇದರ ಮೇಲೆಯೇ. ಹೊಸದುರ್ಗದ ಕಡೆ ತೆಂಗಿನ ತೋಟದವರಿಗೆ ಒಂದು ವರ್ಷ ಮಳೆ ಕೈಕೊಟ್ಟರೂ ಮರ ಉಳಿಯುತ್ತದೆ. ಚಳ್ಳಕೆರೆಯ ಶೇಂಗಾ ಹೊಲಕ್ಕೆ ಆ ಭಾಗ್ಯ ಇಲ್ಲ. ಆ ವರ್ಷದ ಮಳೆ, ಆ ವರ್ಷದ ಬೆಳೆ. ಹತ್ತಾರು ವರ್ಷ ಬದುಕುವ ದೊಡ್ಡ ಮೀನುಗಳು ತೆಂಗಿನ ತೋಟ. ಬೊಂಡಾಸ್ ಶೇಂಗಾ. ಹೋದ ವರ್ಷದ್ದು ಅಂತ ಏನೂ ಉಳಿದಿರುವುದಿಲ್ಲ. ಅದಕ್ಕೇ ಕಡಲು ಸ್ವಲ್ಪ ಬಿಸಿಯಾದರೂ ಇದರ ಲೆಕ್ಕ ಏರುಪೇರಾಗುತ್ತದೆ.

ಎಲ್ ನಿನೋ ಅಂದರೆ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಕಡಲಿನ ಮೇಲಿನ ನೀರು ಬಿಸಿಯಾಗುವುದು. ನಮಗೆ ಅದು ಬರಗಾಲದ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಗಾಳಿ ಮೇಲಿನ ನೀರನ್ನು ದೂರ ತಳ್ಳಿದಾಗ ಕೆಳಗಿನ ತಣ್ಣನೆ ನೀರು ಗೊಬ್ಬರದಂಥ ಸತ್ವ ಹೊತ್ತು ಮೇಲೆ ಬರುತ್ತದೆ. ಎಲ್ ನಿನೋ ವರ್ಷ ಬಿಸಿನೀರು ಮುಚ್ಚಳದ ಹಾಗೆ ಮೇಲೆ ಕೂರುತ್ತದೆ. ಮೇವು ಇಲ್ಲ. 1997-98ರ ಎಲ್ ನಿನೋ ಹೊತ್ತಿಗೆ, 1998ರಲ್ಲಿ, ಅಲ್ಲಿ ಬಲೆಗೆ ಬಿದ್ದ ಸ್ಕ್ವಿಡ್ ಸುಮಾರು 3 ಸಾವಿರ ಟನ್ನಿಗೆ ಕುಸಿಯಿತು. 2000ಕ್ಕೆ 1 ಲಕ್ಷ ಟನ್ ದಾಟಿತು. ಬಿದ್ದಷ್ಟೇ ಬೇಗ ಎದ್ದಿತು, ಶೇಂಗಾ ಹಾಗೇ.

ಅದೇ ಎಲ್ ನಿನೋದಲ್ಲಿ ಇನ್ನೊಂದು ಜಾತಿ ಉಲ್ಟಾ ಆಡಿತು. ಹಂಬೋಲ್ಟ್ ಸ್ಕ್ವಿಡ್, ಆಳೆತ್ತರ, 50 ಕಿಲೋವರೆಗೂ ತೂಗುವ ಪ್ರಾಣಿ. ಪೆರು, ಮೆಕ್ಸಿಕೋ ಕಡೆಯದು ಉತ್ತರಕ್ಕೆ ಹೊರಟು, ಮುಂದಿನ ಕೆಲವೇ ವರ್ಷಗಳಲ್ಲಿ ಅಲಾಸ್ಕಾದ ನೀರಿನಲ್ಲೂ ಕಾಣಿಸಿತು. ಆಮ್ಲಜನಕ ಕಡಿಮೆ ಇರುವ ಆಳದಲ್ಲಿ ಇದು ಹಗಲು ಕಳೆಯಬಲ್ಲದು. ಇದನ್ನು ತಿನ್ನುವ ಬಹಳ ಮೀನುಗಳಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಕಡಲು ಬಿಸಿಯಾದಂತೆ ಅಂಥ ಪದರ ಹರಡುತ್ತಿದೆ. ಆದರೆ 2009-10ರ ಎಲ್ ನಿನೋ ನಂತರ ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಸಿಕ್ಕವು ತೀರಾ ಚಿಕ್ಕವು. ಮರಿಗಳು ಅಂದುಕೊಂಡರು. ನೋಡಿದರೆ ಆರೇ ತಿಂಗಳಿಗೆ ಮೊಟ್ಟೆ ಇಡುವ ಹಂತಕ್ಕೆ ಬಂದಿದ್ದವು. ಮಳೆ ಕೈಕೊಟ್ಟ ವರ್ಷ ಜೋಳ ಮೊಳಕಾಲೆತ್ತರಕ್ಕೇ ತೆನೆ ಬಿಡುತ್ತದಲ್ಲ, ಹಾಗೆ.

ಹಾಗಾದರೆ ಬಿಸಿಯಾದರೆ ಜಾಸ್ತಿಯೋ ಕಡಿಮೆಯೋ? ಒಂದೇ ಮಾತಲ್ಲಿ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. 1953ರಿಂದ 2013ರವರೆಗಿನ ಲೆಕ್ಕ ತೆಗೆದ ಒಂದು ಅಧ್ಯಯನದಲ್ಲಿ ಸ್ಕ್ವಿಡ್, ಆಕ್ಟೋಪಸ್ ಬಳಗ ಒಟ್ಟಾರೆ ಹೆಚ್ಚಿದೆ. ಜಪಾನಿನವರು ಬಲು ಇಷ್ಟಪಟ್ಟು ತಿನ್ನುವ ಸ್ಕ್ವಿಡ್ ಮಾತ್ರ 2016ರ ನಂತರ ಹಲವು ವರ್ಷ ಅವರ ಬೋಟುಗಳಿಗೆ ತೀರಾ ಕಡಿಮೆ ಸಿಕ್ಕಿತು.

ನಮ್ಮ ಕರಾವಳಿಗೂ ಮುಂಗಾರಿನಲ್ಲಿ ತಳದ ತಣ್ಣನೆ ನೀರು ಏರಿ ಬರುತ್ತದೆ. ಸತ್ವ ಜಾಸ್ತಿ, ಆಮ್ಲಜನಕ ಕಡಿಮೆ. ಅನ್ನ ಹಾಕುವುದೂ ಅದೇ, ಉಸಿರು ಕಟ್ಟಿಸುವುದೂ ಅದೇ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿ ಇರುವಾಗ ಕೆಳಗೆ ಇಷ್ಟೆಲ್ಲ ನಡೆದಿರುತ್ತದೆ. ದೊಡ್ಡ ಬೊಂಡಾಸ್ ಜಾಗ ಬಿಟ್ಟು ಈಜಿ ಹೋಗಬಹುದು. ಅದರ ಮೊಟ್ಟೆ ಇರುವುದು ಬೆರಳಿನಂಥ ಲೋಳೆ ಚೀಲಗಳಲ್ಲಿ, ತಳಕ್ಕೆ ಅಂಟಿಕೊಂಡು. ಅದು ಎಲ್ಲಿಗೆ ಹೋಗಬೇಕು?

ಪ್ರಶ್ನೆ ಇದ್ದವರು ಕೇಳಿ. ಡಬ್ಬಿ ಯಾರ ಹತ್ತಿರ ಇದೆ? ಹಿಂದಿನ ಸಾಲಿಗೆ ಇನ್ನೂ ಹೋಗಿಲ್ಲ ಅನ್ಸುತ್ತೆ.