ತೇಗದ ಕಣ್ಣಲ್ಲಿ ಓಕ್ ನೋಡಬೇಡಿ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮೂರು ತುಂಡು ಮರ ಇಟ್ಟಿದ್ದೇನೆ. ಒಂದು ಅಮೆರಿಕದ ವೈಟ್ ಓಕ್, ಇನ್ನೊಂದು ರೆಡ್ ಓಕ್, ಮೂರನೆಯದು ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್. ಈ ಮೂರನೆಯದನ್ನು ಈಗಲೇ ಪಕ್ಕಕ್ಕೆ ಸರಿಸುತ್ತೇನೆ. ಹೆಸರಲ್ಲಿ ಮಾತ್ರ ಓಕ್. ಆಸ್ಟ್ರೇಲಿಯಾದಿಂದ ಬಂದ, ಬೇರೆಯೇ ಕುಟುಂಬದ ಮರ ಇದು. ತೋಟಕ್ಕೆ ನೆರಳು ಕೊಡುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಅದರ ಉಪಕಾರ ದೊಡ್ಡದು. ಆದರೆ ಸೀಳಿದ ಹಲಗೆಯ ಮೇಲೆ ಓಕ್‌ನಲ್ಲಿರುವಂಥದೇ ಮಿನುಗುವ ಕಲೆಗಳು ಕಾಣುವುದರಿಂದ ಮೋಸ ಹೋಗುವುದು ಸುಲಭ. ಬಿಲ್ಲಿನಲ್ಲಿ ಬರೀ ‘ಓಕ್’ ಅಂತ ಇದ್ದರೆ ಯಾವ ಓಕ್ ಎಂದು ಕೇಳಿ, ಬರೆಸಿಕೊಳ್ಳಿ.

ನಿಜವಾದ ಓಕ್ ಹಿಮಾಲಯದಲ್ಲಿದೆ, ದಕ್ಷಿಣದ ನಮ್ಮ ಕಾಡುಗಳಲ್ಲಿ ತಾನಾಗಿ ಬೆಳೆಯುವುದಿಲ್ಲ. ಹಾಗಂತ ಅದು ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಗ್ರಂಧಿಗೆ ಅಂಗಡಿಯಿಂದ ತಂದು, ಬಾಣಂತಿ ಮನೆಯಲ್ಲಿ ಕಲ್ಲಿನ ಮೇಲೆ ತೇಯುವ ಮಾಚಿಕಾಯಿ ಗೊತ್ತಲ್ಲ? ಅದು ಕಾಯಿಯೇ ಅಲ್ಲ. ಪಶ್ಚಿಮ ಏಷ್ಯಾದ ಕಡೆಯ ಒಂದು ಜಾತಿಯ ಓಕ್ ಕೊಂಬೆಯಲ್ಲಿ ಸಣ್ಣ ಕಣಜ ಮೊಟ್ಟೆಯಿಟ್ಟಾಗ ಏಳುವ ಗಂಟು. ನಾಲಿಗೆಗೆ ತಗಲುವ ಆ ಒಗರು ಟ್ಯಾನಿನ್‌ನದು. ಯುರೋಪಿನಲ್ಲಿ ಶತಮಾನಗಳ ಕಾಲ ಈ ಗಂಟಿನ ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಕಪ್ಪು ಶಾಯಿ ಮಾಡುತ್ತಿದ್ದರು. ಅದೇ ಒಗರು ಹಲಗೆಯಲ್ಲೂ ಇದೆ. ಸಾದಾ ಕಬ್ಬಿಣದ ಸ್ಕ್ರೂ ಹೊಡೆದು ಸ್ವಲ್ಪ ತೇವ ಸೇರಿತೋ, ಸುತ್ತಲೂ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ ಏಳುತ್ತದೆ. ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಬಳಸಿ.

ಇನ್ನು ನಾನು ಹೇಳಲು ಬಂದ ಮುಖ್ಯ ಮಾತು. ನಮ್ಮ ಕಣ್ಣು, ನಮ್ಮ ಕೈ ಎರಡೂ ತೇಗದಲ್ಲಿ ಪಳಗಿದಂಥವು. ತೇಗ ಹೆಚ್ಚು ಹಿಗ್ಗದ, ಹೆಚ್ಚು ಕುಗ್ಗದ ಸಾಧು ಮರ. ನಾನು ಮೊದಲ ಓಕ್ ಊಟದ ಮೇಜನ್ನು ಬೆಂಗಳೂರಿನ ಒಣ ಮಾರ್ಚ್‌ನಲ್ಲಿ ಮಾಡಿದೆ. ತೇಗಕ್ಕೆ ಮಾಡುವ ಹಾಗೆ ಮೇಲ್ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದು ಮಂಗಳೂರಿನ ಒಂದು ಮನೆಗೆ ಕಳಿಸಿದೆ. ಆಷಾಢದಲ್ಲಿ ಫೋನ್ ಬಂತು: ಹಲಗೆ ಹಿಗ್ಗಿ ಚೌಕಟ್ಟಿನ ಮೂಲೆಯ ಜಾಯಿಂಟ್ ಬಾಯಿ ಬಿಟ್ಟಿತ್ತು. ಮರ ಉತ್ತಮ ದರ್ಜೆಯದೇ. ತಪ್ಪು ನನ್ನದು.

ಆಮೇಲೆ ಲೆಕ್ಕ ಹಾಕಿದೆ. ಹಸಿ ಮರ ಪೂರ್ತಿ ಒಣಗುವಾಗ ವೈಟ್ ಓಕ್ ವರ್ಷ ಉಂಗುರಗಳ ಗುಂಟ ಸುಮಾರು ಶೇ 10.5 ಕುಗ್ಗುತ್ತದೆ, ಉಂಗುರಗಳಿಗೆ ಅಡ್ಡಲಾಗಿ, ಅಂದರೆ ತಿರುಳಿನಿಂದ ತೊಗಟೆಯ ಕಡೆಗೆ, ಶೇ 5.6 ಅಷ್ಟೇ. ತೇಗದಲ್ಲಿ ಇವೇ ಅಂಕಿ ಶೇ 5.8 ಮತ್ತು 2.5. ಮೂರಡಿ ಅಗಲದ ಮೇಲ್ಹಲಗೆಯ ತೇವ ಶೇ 8ರಿಂದ 13ಕ್ಕೆ ಏರಿದರೆ, ಸಾದಾ ಸೀಳಿದ ವೈಟ್ ಓಕ್ ಸುಮಾರು 16 ಮಿ.ಮೀ. ಹಿಗ್ಗುತ್ತದೆ. ಯಾವ ಸ್ಕ್ರೂ ತಡೆದೀತು? ಅದೇ ಹಲಗೆಯನ್ನು ಕ್ವಾರ್ಟರ್ ಸಾನ್ ಆಗಿ, ಅಂದರೆ ಉಂಗುರಗಳು ಹಲಗೆಯ ದಪ್ಪದಲ್ಲಿ ನೆಟ್ಟಗೆ ನಿಲ್ಲುವಂತೆ, ಸೀಳಿದ್ದರೆ ಹಿಗ್ಗುವುದು ಸುಮಾರು 8 ಮಿ.ಮೀ. ಅದಕ್ಕೇ ಟೇಬಲ್ಲಿನ ಮೇಲ್ಭಾಗಕ್ಕೆ, ಅಲಮಾರಿನ ಬಾಗಿಲಿಗೆ ನಾನು ಕ್ವಾರ್ಟರ್ ಸಾನ್ ಕೇಳುತ್ತೇನೆ. ದುಬಾರಿ, ಏಕೆಂದರೆ ದಿಮ್ಮಿಯನ್ನು ಹಾಗೆ ಸೀಳುವಾಗ ಹೆಚ್ಚು ಮರ ಹಾಳಾಗುತ್ತದೆ. ಆದರೂ ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದೆ.

ಅದನ್ನು ಗುರುತಿಸಲು ಹಲಗೆಯ ಮುಖ ನೋಡಬೇಡಿ, ತುದಿ ನೋಡಿ. ಉಂಗುರದ ಗೆರೆಗಳು ನೆಟ್ಟಗೆ ನಿಂತಿದ್ದರೆ ಕ್ವಾರ್ಟರ್ ಸಾನ್. ಬಿಲ್ಲಿನ ಹಾಗೆ ಬಾಗಿ ಮಲಗಿದ್ದರೆ ಸಾದಾ. ಗೆರೆ ನಿಂತ ಹಲಗೆಯ ಮುಖದಲ್ಲಿ ರೇಷ್ಮೆಯ ಝರಿಯಂಥ ಹೊಳಪು ಓಡಿರುತ್ತದೆ. ಹುಲಿಪಟ್ಟೆ ಅಂದರೂ ಸರಿಯೇ. ಅಪ್ಪಟ ಓಕ್‌ನ ಸೊಬಗು ಇದೇ. ಗಾಢ ಬಣ್ಣ ಬಳಿದು ಮುಚ್ಚಿದರೆ ನನ್ನ ಹೊಟ್ಟೆ ಉರಿಯುತ್ತದೆ.

ವೈಟ್ ಯಾವುದು, ರೆಡ್ ಯಾವುದು ಎಂಬುದನ್ನು ಬಣ್ಣದಿಂದ ತೀರ್ಮಾನಿಸಬೇಡಿ. ಇಗೋ, ರೆಡ್ ಓಕ್‌ನ ಗೇಣುದ್ದದ ಕಡ್ಡಿಯ ಒಂದು ತುದಿಯನ್ನು ನೀರಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದುತ್ತೇನೆ. ಗುಳ್ಳೆ ಬಂತು ನೋಡಿ. ಅದರ ರಂಧ್ರಗಳು ತೆರೆದ ಕೊಳವೆಗಳು. ವೈಟ್ ಓಕ್‌ನ ಕೆಚ್ಚಿನಲ್ಲಿ ಆ ಕೊಳವೆಗಳಿಗೆ ಮರವೇ ಬಿರಡೆ ಹಾಕಿಕೊಂಡಿರುತ್ತದೆ, ಊದಿದರೆ ಗಾಳಿ ಹಾಯುವುದಿಲ್ಲ. ವೈನ್, ವಿಸ್ಕಿಯ ಪೀಪಾಯಿಗಳನ್ನು ಅದರಿಂದಲೇ ಮಾಡುವುದು ಈ ಕಾರಣಕ್ಕೆ. ಒಳಗಿನ ಕುರ್ಚಿ, ಮಂಚಕ್ಕೆ ರೆಡ್ ಓಕ್ ಚೆನ್ನಾಗಿಯೇ ಬರುತ್ತದೆ. ಜಗಲಿಯ ಬೆಂಚಿಗೆ, ಮಳೆಯ ಇರಚಲು ಬೀಳುವಲ್ಲಿಗೆ ಅದು ಬೇಡ.

ದರ್ಜೆಯ ವಿಷಯ. ಅಮೆರಿಕದಲ್ಲಿ 1898ರಲ್ಲಿ ಹುಟ್ಟಿದ ನ್ಯಾಷನಲ್ ಹಾರ್ಡ್‌ವುಡ್ ಲಂಬರ್ ಅಸೋಸಿಯೇಷನ್‌ನ ನಿಯಮವೇ ಈ ಮರಗಳಿಗೆ ಮಾನದಂಡ. ಮೇಲಿನ ದರ್ಜೆ ಎಫ್‌ಎಎಸ್. ಹಲಗೆ ಕನಿಷ್ಠ 6 ಇಂಚು ಅಗಲ, 8 ಅಡಿ ಉದ್ದ ಇರಬೇಕು; ಎರಡು ಮುಖಗಳಲ್ಲಿ ಕೆಟ್ಟ ಮುಖವನ್ನು ಅಳೆದರೂ ಶೇ 83ರಷ್ಟು ಭಾಗ ಗಂಟು-ಬಿರುಕಿಲ್ಲದ ದೊಡ್ಡ ತುಂಡುಗಳಾಗಿ ಸಿಗಬೇಕು. ಅದಕ್ಕಿಂತ ಕೆಳಗಿನ ದರ್ಜೆಯಾದ ನಂಬರ್ 1 ಕಾಮನ್‌ನಲ್ಲಿ ಶೇ 66ರಷ್ಟು, ಚಿಕ್ಕ ತುಂಡುಗಳಲ್ಲಿ. ದರ್ಜೆ ಹೇಳುವುದು ಮುಖ್ಯವಾಗಿ ಇಷ್ಟನ್ನೇ. ಬಣ್ಣ ಹೊಂದುತ್ತದೆಯೇ, ಉಂಗುರ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಕುರ್ಚಿಯ ಕಾಲಿಗೆ ಎರಡಡಿ ತುಂಡು ಸಾಕು. ಅದಕ್ಕೆ ಎಫ್‌ಎಎಸ್ ಕೊಂಡು ಕತ್ತರಿಸುವುದು ನನ್ನ ಪ್ರಕಾರ ದುಂದು. ಬೆಲೆ ಹೋಲಿಸುವಾಗ ನೆನಪಿಡಿ: ಅವರು ಮರ ಅಳೆಯುವುದು ಬೋರ್ಡ್ ಫುಟ್‌ನಲ್ಲಿ; ಅಂಥ 12 ಸೇರಿದರೆ ನಮ್ಮ ಒಂದು ಸಿಎಫ್‌ಟಿ, ಅಂದರೆ ಒಂದು ಘನ ಅಡಿ.

ಉಂಗುರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ನಿಧಾನ ಬೆಳೆದ ಮರವೇ ಗಟ್ಟಿ ಅಂತ. ಓಕ್ ವಿಷಯದಲ್ಲಿ ಇದು ತಿರುಗುಮುರುಗು. ಪ್ರತಿ ವಸಂತದಲ್ಲಿ ಅದು ಒಂದು ಸಾಲು ದೊಡ್ಡ ರಂಧ್ರ ಹಾಕುತ್ತದೆ, ಆಮೇಲಿನ ಬೆಳವಣಿಗೆ ದಟ್ಟ. ಉಂಗುರ ಕಿರಿದಾದಷ್ಟೂ ರಂಧ್ರದ ಪಾಲು ಹೆಚ್ಚು. ಮರ ಹಗುರ, ಮೆದು. ಉಳಿಗೆ ಹಿತವಾಗಿ ಬಗ್ಗುವುದರಿಂದ ಕೆತ್ತನೆಗೆ ಅದನ್ನು ಆರಿಸಿ. ಭಾರ ಹೊರುವ ಕಾಲಿಗೆ, ಅಡ್ಡಪಟ್ಟಿಗೆ ಅಗಲ ಉಂಗುರದ್ದೇ ಇರಲಿ.

ಕೊನೆಯದಾಗಿ, ಒಣಗಿಸಿದ್ದು. ಓಕ್ ನಿಧಾನ ಒಣಗುವ ಮರ. ಮರ ಒಣಗಿಸುವ ಬಿಸಿ ಗೂಡಿನಲ್ಲಿ ಅವಸರ ಮಾಡಿದರೆ ಮೇಲ್ಮೈ ಚೆನ್ನಾಗಿದ್ದೂ ಹೊಟ್ಟೆಯೊಳಗೆ ಜೇನುಗೂಡಿನಂತೆ ಬಿರುಕು ಬಿಡುತ್ತದೆ, ಎರಡಿಂಚು ದಪ್ಪದ ಹಲಗೆಗಳಲ್ಲಿ ಇದು ಹೆಚ್ಚು. ಯಾರ್ಡಿನಲ್ಲಿ ಒಂದು ಹಲಗೆಯ ತುದಿಯಿಂದ ಒಂದಡಿ ಒಳಗೆ ಕತ್ತರಿಸಿ ತೋರಿಸಲು ಹೇಳಿ. ಒಲ್ಲೆ ಎಂದರೆ ಆ ಒಂದಡಿಯ ಬೆಲೆ ನೀವೇ ಕೊಡಿ. ತೇವದ ಮೀಟರನ್ನು ಜೇಬಲ್ಲಿಟ್ಟುಕೊಂಡು ಹೋಗಿ. ಹಲಗೆ ಬಂದ ಮೇಲೆ ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಜೋಡಿಸಿ, ಕೆಲವು ವಾರ ಮಲಗಿಸಿ. ಅಂಚಿನಲ್ಲಿ ತೊಗಟೆ ಕಡೆಯ ಬಿಳಿ ಮರ ಉಳಿದಿದ್ದರೆ ಕತ್ತರಿಸಿ ತೆಗೆಯಿರಿ. ಪುಡಿ ಉದುರಿಸುವ ಹುಳು ಮೊದಲು ಹೊಗುವುದು ಅಲ್ಲಿಗೇ.

ಈಗ ಮುಂದೆ ಬನ್ನಿ. ಮಸೂರ ಇಲ್ಲಿದೆ, ತುಂಡುಗಳನ್ನು ಕೈಗೆತ್ತಿಕೊಳ್ಳಿ. ಕಡ್ಡಿ ಊದಿ ನೋಡುವವರಿಗೆ ಇನ್ನೂ ಹತ್ತು ಕಡ್ಡಿ ಇಟ್ಟಿದ್ದೇನೆ.