ಥೈರಾಯ್ಡ್ ಮಾತ್ರೆಯೂ ದಿಢೀರನೆ ಇಳಿಯುವ ಶುಗರ್ರೂ

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗುವವರು ಇಲ್ಲಿ ತುಂಬಾ ಜನ ಇರಬಹುದು. ನೀವು ನಿರಾಳವಾಗಿ ಕೂತ್ಕೊಳ್ಳಿ. ನಾನು ಹೇಳಲು ಬಂದಿರುವುದು ನಿಮ್ಮ ಮಾತ್ರೆಯ ವಿಷಯ ಅಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುವವರಿಗೆ ಕೊಡುವ ಕಾರ್ಬಿಮಜೋಲ್, ಮೆಥಿಮಜೋಲ್ ಮಾತ್ರೆಗಳ ವಿಷಯ. ಹೆಸರು ಎರಡಾದರೂ ಹೊಟ್ಟೆಗೆ ಹೋದ ಮೇಲೆ ಒಂದೇ. ಕಾರ್ಬಿಮಜೋಲ್ ದೇಹದೊಳಗೆ ಮೆಥಿಮಜೋಲ್ ಆಗಿಯೇ ಕೆಲಸ ಮಾಡುತ್ತದೆ.

ಈ ಮಾತ್ರೆ ಶುರುಮಾಡಿದಾಗ ಡಾಕ್ಟರು ಸಾಮಾನ್ಯವಾಗಿ ಒಂದು ಎಚ್ಚರಿಕೆ ಹೇಳಿರುತ್ತಾರೆ: ಜ್ವರ, ಗಂಟಲು ನೋವು ಬಂದರೆ ತಕ್ಷಣ ಬನ್ನಿ, ಬಿಳಿ ರಕ್ತಕಣ ಕಡಿಮೆ ಆಗಿರಬಹುದು ಅಂತ. ಅದು ಸರಿಯೇ. ಆದರೆ ಇನ್ನೊಂದು ತೊಂದರೆಯ ಹೆಸರನ್ನೇ ಯಾರೂ ಎತ್ತುವುದಿಲ್ಲ, ಏಕೆಂದರೆ ಅದು ಬಲು ಅಪರೂಪ. ಮಾತ್ರೆ ಶುರುವಾಗಿ ಒಂದೋ ಒಂದೂವರೆಯೋ ತಿಂಗಳಲ್ಲಿ ಕೆಲವರಿಗೆ ರಕ್ತದ ಸಕ್ಕರೆ ಏಕಾಏಕಿ ಇಳಿದುಬಿಡುತ್ತದೆ. ಅವರಿಗೆ ಡಯಾಬಿಟಿಸ್ ಇರುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡೂ ಇರುವುದಿಲ್ಲ.

ಇದನ್ನು ಮೊದಲು ಗುರುತಿಸಿದ್ದು ಜಪಾನಿನ ವೈದ್ಯ ಯುಕಿಮಾಸ ಹಿರಾಟ, 1970ರಲ್ಲಿ. ಇದರ ಹೆಸರು ಇನ್ಸುಲಿನ್ ಆಟೋಇಮ್ಯೂನ್ ಸಿಂಡ್ರೋಮ್; ಹಿರಾಟ ಕಾಯಿಲೆ ಅಂತಲೂ ಕರೆಯುತ್ತಾರೆ. ಕೊರಿಯಾ, ಚೀನಾದಲ್ಲೂ ಸಿಗುತ್ತದೆ, ನಮ್ಮ ದೇಶದಲ್ಲೂ ವರದಿಯಾಗಿದೆ. ಎಚ್‌ಎಲ್‌ಎ-ಡಿಆರ್4 ಎಂಬ ಒಂದು ಬಗೆಯ ಜೀನ್ ಇರುವವರಿಗೆ ಇದು ಬರುವ ಸಾಧ್ಯತೆ ಹೆಚ್ಚು. ಜಪಾನೀಯರಲ್ಲಿ ಆ ಜೀನ್ ಸಾಕಷ್ಟು ಜನರಿಗೆ ಇದೆ.

ಆಗುವುದೇನು ಅಂದರೆ, ದೇಹ ತನ್ನದೇ ಇನ್ಸುಲಿನ್ ಮೇಲೆ ಆಂಟಿಬಾಡಿ, ಅಂದರೆ ಹೊರಗಿನಿಂದ ಬಂದ ರೋಗಾಣುವನ್ನು ಹಿಡಿಯುವಂಥ ಪ್ರೋಟೀನ್, ಮಾಡಿಕೊಳ್ಳುತ್ತದೆ. ಈರುಳ್ಳಿ ವ್ಯಾಪಾರ ನೋಡಿದ್ದೀರಲ್ವಾ? ಯಾರೋ ಮಾಲನ್ನೆಲ್ಲ ಗೋದಾಮಿಗೆ ಹಾಕಿ ಬೀಗ ಜಡಿಯುತ್ತಾನೆ. ಮಾರುಕಟ್ಟೆಯಲ್ಲಿ ಈರುಳ್ಳಿ ಇಲ್ಲ, ಬೆಲೆ ಏರುತ್ತದೆ, ಎಲ್ಲೆಲ್ಲಿಂದಲೋ ಇನ್ನಷ್ಟು ಲೋಡ್ ಬರುತ್ತದೆ. ಆಮೇಲೊಂದು ದಿನ ಬೀಗ ತೆಗೆದರೆ ಬೆಲೆ ನೆಲಕ್ಕೆ ಬೀಳುತ್ತದೆ. ಆಂಟಿಬಾಡಿ ಆ ಗೋದಾಮಿನವನು. ಊಟವಾದ ಮೇಲೆ ಬಂದ ಇನ್ಸುಲಿನನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಕ್ಕರೆ ಏರುತ್ತದೆ, ಮೇದೋಜ್ಜೀರಕ ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಕೆಲವು ಗಂಟೆ ಬಿಟ್ಟು, ಎಷ್ಟೋ ಸಲ ನಡುರಾತ್ರಿಯಲ್ಲಿ, ಹಿಡಿದಿಟ್ಟದ್ದು ಕಳಚಿಕೊಳ್ಳುತ್ತದೆ. ಆಗ ಶುಗರ್ 54 ಮಿಲಿಗ್ರಾಂಗಿಂತಲೂ ಕೆಳಗೆ ಹೋಗಬಹುದು. 70ರ ಕೆಳಗೆ ಹೋದರೇ ಕಡಿಮೆ ಅನ್ನುತ್ತೇವೆ.

ಆಂಟಿಬಾಡಿ ಹುಟ್ಟುವುದು ಯಾಕೆ? ಗುಮಾನಿ ಇರುವುದು ಮಾತ್ರೆಯಲ್ಲಿರುವ ಗಂಧಕದ ಮೇಲೆ. ಇನ್ಸುಲಿನ್‌ನ ಎರಡು ಸರಪಳಿಗಳನ್ನು ಜೋಡಿಸಿರುವುದೂ ಗಂಧಕದ ಕೊಂಡಿಗಳೇ. ಮಾತ್ರೆ ಆ ಕೊಂಡಿಯನ್ನು ಸಡಿಲಿಸಿದರೆ ಇನ್ಸುಲಿನ್ ದೇಹಕ್ಕೆ ಪರಕೀಯನ ಹಾಗೆ ಕಾಣುತ್ತದೆ.

ಇಲ್ಲಿ ಇನ್ನೊಂದು ಮಾತ್ರೆ ನೆನಪಾಗುತ್ತದೆ. ಕೈಕಾಲು ಜೋಮು ಅಂದ ಕೂಡಲೇ ನಮ್ಮಲ್ಲಿ 'ನರದ ಮಾತ್ರೆ' ಬರೆದುಕೊಡುವುದುಂಟು. ಅಂಥ ಎಷ್ಟೋ ಮಾತ್ರೆಗಳಲ್ಲಿ ಬಿ12 ಜೊತೆಗೆ ಆಲ್ಫಾ ಲಿಪೋಯಿಕ್ ಆಸಿಡ್ ಇರುತ್ತದೆ. ಅದರಲ್ಲೂ ಗಂಧಕವಿದೆ, ಅದರಿಂದಲೂ ಇದೇ ಕಾಯಿಲೆ ಬಂದದ್ದಿದೆ. 'ಅದು ಬರೀ ವಿಟಮಿನ್, ಸುಮ್ನೆ ತಗೊಳ್ತೀನಿ' ಅಂತ ಡಾಕ್ಟರ ಹತ್ತಿರ ಅದರ ಹೆಸರೇ ಹೇಳದವರು ಬಹಳ. ನನಗೆ ಸಿಟ್ಟು ಬರುವುದೇ ಇದಕ್ಕೆ.

ಈಗ ನಿಜವಾದ ಸಿಕ್ಕು. ಶುಗರ್ ಇಳಿದಾಗ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ವಿಪರೀತ ಹಸಿವು. ಥೈರಾಯ್ಡ್ ಜಾಸ್ತಿಯಾದಾಗಲೂ ಅದೇ! ರೋಗಿ 'ಥೈರಾಯ್ಡ್ ಇನ್ನೂ ಹತೋಟಿಗೆ ಬಂದಿಲ್ಲ' ಅಂದುಕೊಳ್ಳುತ್ತಾರೆ. ಡಾಕ್ಟರೂ ಹಾಗೇ ಅಂದುಕೊಂಡು ಅದೇ ಮಾತ್ರೆಯ ಡೋಸ್ ಏರಿಸಿದರೆ ಏನಾದೀತು ಯೋಚಿಸಿ. ಹಾಗಾಗಿ ನಡುಕ ಬಂದ ಆ ಗಳಿಗೆಯಲ್ಲೇ ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡಿ, ಅಂಕಿ ಬರೆದಿಡಿ. ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಯಿರಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದರೆ ಶುಗರ್ ನಾರ್ಮಲ್ ಅಂತಲೇ ಬರಬಹುದು.

ಆಸ್ಪತ್ರೆಯಲ್ಲಿ ಇನ್ಸುಲಿನ್ ಮಟ್ಟ ನೋಡಿದರೆ ಗಾಬರಿಯಾಗುವಷ್ಟು ಇರುತ್ತದೆ, ಎಷ್ಟೋ ಸಲ ನೂರರ ಮೇಲೆ. ಮೇದೋಜ್ಜೀರಕದಲ್ಲಿ ಇನ್ಸುಲಿನ್ ಸುರಿಸುವ ಗೆಡ್ಡೆ ಇದೆಯೇನೋ ಅಂತ ಹುಡುಕಾಟ ಶುರುವಾಗುತ್ತದೆ. ಇನ್ಸುಲಿನ್ ಆಂಟಿಬಾಡಿ ಪರೀಕ್ಷೆ ಮಾಡಿಸದೆ ಆಪರೇಷನ್ ತನಕ ಹೋದವರೂ ಇದ್ದಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಮುಗಿಯಬೇಕಾದ ಮಾತದು.

ಕಾಯಿಲೆ ಗೊತ್ತಾದರೆ ಡಾಕ್ಟರು ಆ ಮಾತ್ರೆ ನಿಲ್ಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಥೈರಾಯ್ಡ್ ಒಮ್ಮೆಗೇ ಕೆರಳಿದರೆ ಜೀವಕ್ಕೇ ಅಪಾಯ. ಬದಲಿಗೆ ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಇದೆ, ಆಪರೇಷನ್ ಇದೆ. ಅಷ್ಟರವರೆಗೆ ಅನ್ನ, ಸಿಹಿ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಊಟ. ಕೆಲವರಿಗೆ ಸ್ವಲ್ಪ ದಿನ ಸ್ಟೀರಾಯ್ಡ್ ಬೇಕಾಗುತ್ತದೆ. ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಆಂಟಿಬಾಡಿ ಇಳಿದು, ರಾತ್ರಿಯ ಬೆವರು, ನಡುಕ ನಿಲ್ಲುತ್ತವೆ. ಆಮೇಲೂ ಕಾರ್ಬಿಮಜೋಲ್ ಮತ್ತು ಆ ನರದ ಮಾತ್ರೆ ಮತ್ತೆ ಮನೆಗೆ ಬರದ ಹಾಗೆ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಟ್ಟುಕೊಳ್ಳಿ.